ಗುದ್ದಿದ ಹಡಗು ಹೋಯಿತು, ಮುಳುಗಿದ ಹಡಗು ಇಲ್ಲೇ ಉಳಿಯಿತು

ರಾತ್ರಿ ಹೊತ್ತು ನಿಮ್ಮೂರಿನ ರಸ್ತೆಯಲ್ಲಿ ಲಾರಿಯೊಂದು ಬೈಕಿಗೆ ಗುದ್ದಿ ನಿಲ್ಲಿಸದೆ ಹೋಯಿತು ಅಂದುಕೊಳ್ಳಿ. ಬೆಳಗಾದರೆ ಪೊಲೀಸರು ಬರುತ್ತಾರೆ, ಮಹಜರು ಮಾಡುತ್ತಾರೆ, ಟೋಲ್ ಗೇಟಿನ ಕ್ಯಾಮೆರಾ ನೋಡುತ್ತಾರೆ. ಲಾರಿ ಸಿಗದೇ ಹೋದರೂ ಸತ್ತವರ ಮನೆಗೆ 2 ಲಕ್ಷ ರೂಪಾಯಿ ಕೊಡಬೇಕೆಂದು ಕಾನೂನಿದೆ. ಅದು ಯಾವ ಮೂಲೆಗೆ ಸಾಕು ಎಂದು ನಾವೆಲ್ಲ ಬೈಯುತ್ತೇವೆ, ಅದು ಬೇರೆ ಮಾತು. ಗುದ್ದಿ ಓಡುವುದು ಅಪರಾಧ ಅನ್ನುವುದರಲ್ಲಿ ಮಾತ್ರ ಯಾರಿಗೂ ಅನುಮಾನ ಇಲ್ಲ.

ಇದೇ ಕಡಲಿನಲ್ಲಿ ಆದರೆ? ಮೊದಲು ಬರುವ ಪ್ರಶ್ನೆ, "ಬೋಟಿನಲ್ಲಿ ಲೈಟ್ ಇತ್ತಾ?" ಎರಡನೆಯದು, "ಹಡಗು ಹೋಗುವ ದಾರಿಗೆ ಇವರು ಯಾಕೆ ಹೋದರು?" ಸತ್ತವರನ್ನೇ ಕಟಕಟೆಗೆ ಹತ್ತಿಸುವ ಈ ಎರಡು ಪ್ರಶ್ನೆಗಳ ಮೇಲೆ ನಮಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಅದನ್ನು ಬರೆದೇ ಬಿಡುತ್ತೇವೆ.

2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ 'ರಬಾಹ್' ಎಂಬ ಮೀನುಗಾರಿಕೆ ಬೋಟಿಗೂ ಸಿಂಗಾಪುರದ ಬಾವುಟದ 'ಎಪಿಎಲ್ ಲೆ ಹಾವ್ರ್' ಎಂಬ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟು ಕೇರಳದ ಬೇಪೂರಿನದು. ಅದರಲ್ಲಿದ್ದವರು ತಮಿಳುನಾಡು, ಬಂಗಾಳದ ಕಡೆಯಿಂದ ದುಡಿಯಲು ಬಂದ 14 ಮಂದಿ. ಜೀವಂತ ಸಿಕ್ಕವರು ಇಬ್ಬರು.

ಇದು ಒಂದೇ ಆಗಿದ್ದರೆ ಗ್ರಹಚಾರ ಎನ್ನಬಹುದಿತ್ತು. 2012ರ ಮಾರ್ಚ್‌ನಲ್ಲಿ ಆಲಪ್ಪುಳದ ಎದುರು 'ಪ್ರಭು ದಯಾ' ಎಂಬ ಹಡಗಿನ ಡಿಕ್ಕಿ, ಐವರು ಮೀನುಗಾರರ ಸಾವು. 2017ರ ಜೂನ್‌ನಲ್ಲಿ ಕೊಚ್ಚಿಯ ಎದುರು ಪನಾಮಾ ಬಾವುಟದ 'ಆಂಬರ್ ಎಲ್' ಹಡಗು, 'ಕಾರ್ಮೆಲ್ ಮಾತಾ' ಬೋಟು, ಮೂವರ ಸಾವು. 2018ರ ಆಗಸ್ಟ್‌ನಲ್ಲಿ ಮುನಂಬಮ್‌ನಿಂದ ಹೊರಟಿದ್ದ 'ಓಶಿಯಾನಿಕ್' ಬೋಟು, ಅದಕ್ಕೆ ಗುದ್ದಿದ್ದು ನಮ್ಮದೇ ದೇಶದ ತೈಲ ಹಡಗು 'ದೇಶ್ ಶಕ್ತಿ' ಎಂಬ ಆರೋಪ, ಸತ್ತವರು ಕಾಣೆಯಾದವರು ಸೇರಿ ಹತ್ತಕ್ಕೂ ಹೆಚ್ಚು ಜನ. ಎಲ್ಲವೂ ಮಧ್ಯರಾತ್ರಿ ದಾಟಿದ ಮೇಲೆ, ಬೆಳಕು ಹರಿಯುವ ಮೊದಲು.

ಆ ಹೊತ್ತಿನ ಬಗ್ಗೆ ಸ್ವಲ್ಪ ಹೇಳಬೇಕು. ಹಡಗಿನಲ್ಲಿ ರಾತ್ರಿ 12ರಿಂದ 4ರವರೆಗೆ ಒಂದು ಪಾಳಿ. ಮೇಲಿನ ಕೋಣೆಯಲ್ಲಿ ಸಾಮಾನ್ಯವಾಗಿ ಒಬ್ಬ ಅಧಿಕಾರಿ, ಜೊತೆಗೆ ಕಾವಲಿಗೆ ಒಬ್ಬ ಖಲಾಸಿ. ಹಡಗು ತಾನಾಗಿಯೇ ನೆಟ್ಟಗೆ ಹೋಗುತ್ತಿರುತ್ತದೆ. ಎದುರಿಗೆ ರಾಡಾರ್ ಪರದೆ, ನಕ್ಷೆಯ ಪರದೆ. ನಿದ್ದೆ ಕಡಿಮೆ. ಬಂದರು ಬಿಟ್ಟ ಮೇಲೂ ಮುಗಿಯದ ಕಾಗದಪತ್ರದ ಕೆಲಸ. ಆ ಅಧಿಕಾರಿಯೂ ನಮ್ಮ ಹಾಗೆ ಸಂಬಳಕ್ಕೆ ದುಡಿಯುವವನೇ, ಅವನನ್ನು ರಾಕ್ಷಸ ಮಾಡುವುದು ನಮಗೆ ಬೇಕಿಲ್ಲ. 2025ರ ಜೂನ್‌ನಲ್ಲಿ ಕಣ್ಣೂರು ಎದುರಿನ ಸಮುದ್ರದಲ್ಲಿ 'ವಾನ್ ಹೈ 503' ಹೊತ್ತಿ ಉರಿದಾಗ 22 ಸಿಬ್ಬಂದಿಯಲ್ಲಿ ನಾಲ್ವರು ಕಾಣೆಯಾದರು. ಸುಟ್ಟ ಗಾಯದವರನ್ನು ನೌಕಾಪಡೆಯ ಹಡಗು ತಂದಿದ್ದು ನಮ್ಮ ಮಂಗಳೂರಿಗೇ. ಮಾಲೀಕ ಒಂದು ದೇಶ, ಬಾವುಟ ಇನ್ನೊಂದು ದೇಶ, ದುಡಿಯುವವರು ಮೂರನೆಯ ದೇಶ, ಸಾಯುವ ಜಾಗ ನಾಲ್ಕನೆಯದು. ಹಡಗು ವ್ಯಾಪಾರ ಇರುವುದೇ ಹೀಗೆ.

ಆದರೆ ಕತ್ತಲೆ, ಆಯಾಸ ಎಂದು ಮಾತು ಮುಗಿಸುವವರಿಗೆ ಒಂದು ಸಣ್ಣ ಲೆಕ್ಕ. 18 ನಾಟ್ ವೇಗದಲ್ಲಿ ಬರುವ ಹಡಗು ಗಂಟೆಗೆ 18 ನಾಟಿಕಲ್ ಮೈಲು ಹೋಗುತ್ತದೆ. 6 ಮೈಲು ದೂರದಲ್ಲಿ ಬೋಟು ರಾಡಾರಿಗೆ ಕಂಡರೆ, ಅದನ್ನು ಮುಟ್ಟಲು 20 ನಿಮಿಷ ಬೇಕು. ಮೂರು ಮೈಲಿಗೆ ಕಂಡರೂ 10 ನಿಮಿಷ. ಅಷ್ಟು ದೊಡ್ಡ ಹಡಗನ್ನು ನಿಲ್ಲಿಸಲು ಮೈಲುಗಟ್ಟಲೆ ಬೇಕು, ಒಪ್ಪುತ್ತೇವೆ. ಆದರೆ ತಪ್ಪಿಸಲು ನಿಲ್ಲಿಸಬೇಕಿಲ್ಲ, ಬೇಗ ಕಂಡರೆ ಚುಕ್ಕಾಣಿ ಸ್ವಲ್ಪ ತಿರುಗಿಸಿದರೆ ಸಾಕು. ನೋಡುವವರು ಇದ್ದರೆ ಹತ್ತು ನಿಮಿಷ ಬಹಳ ದೊಡ್ಡ ಸಮಯ.

ಇನ್ನು "ಹಡಗಿನ ದಾರಿಗೆ ಯಾಕೆ ಹೋದರು" ಎಂಬ ಪ್ರಶ್ನೆ. ಇದನ್ನು ಕೇಳುವವರು ಕಡಲಿನ ಸಂಚಾರ ನಿಯಮವನ್ನು ಒಮ್ಮೆ ಓದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 5ನೆಯದು ಹೇಳುವುದು ಇಷ್ಟೇ: ಪ್ರತಿ ಹಡಗೂ ಎಲ್ಲ ಹೊತ್ತಿನಲ್ಲೂ ಕಣ್ಣಿಂದ, ಕಿವಿಯಿಂದ, ಇರುವ ಎಲ್ಲ ಸಾಧನಗಳಿಂದ ಸರಿಯಾಗಿ ಕಾವಲು ಕಾಯಬೇಕು. 18ನೆಯ ನಿಯಮ ಇನ್ನೂ ನೇರ. ಎಂಜಿನ್ನಿನಿಂದ ಓಡುತ್ತಿರುವ ಹಡಗು, ಬಲೆ ಬಿಟ್ಟು ಮೀನು ಹಿಡಿಯುತ್ತಿರುವ ಬೋಟಿಗೆ ದಾರಿ ಬಿಡಬೇಕು. ಓದುವಾಗ ತಲೆಕೆಳಗಾಗದಿರಲಿ: ದಾರಿ ಬಿಡಬೇಕಾದದ್ದು ಹಡಗು, ಬೋಟಲ್ಲ. ಬಲೆ ಎಳೆಯುತ್ತಿರುವ ಬೋಟು ತಟ್ಟನೆ ತಿರುಗಲಾರದು ಎಂಬ ಸರಳ ಕಾರಣಕ್ಕೆ ಈ ನಿಯಮ. ಬಂದರಿನ ಇಕ್ಕಟ್ಟಾದ ಕಾಲುವೆಯಲ್ಲಿ, ನಕ್ಷೆಯಲ್ಲಿ ಗುರುತು ಮಾಡಿದ ಏಕಮುಖ ಸಂಚಾರದ ಪಟ್ಟಿಯಲ್ಲಿ ಮಾತ್ರ ಲೆಕ್ಕ ಬೇರೆ, ಅಲ್ಲಿ ಬೋಟು ಹಡಗಿಗೆ ಅಡ್ಡಿ ಮಾಡಬಾರದು. ಉಳಿದ ಕಡಲು ಯಾರಪ್ಪನ ಆಸ್ತಿಯೂ ಅಲ್ಲ.

ಹಾಗೆಂದು ನಮ್ಮವರ ತಪ್ಪು ಮುಚ್ಚಿಡುವುದಿಲ್ಲ. ರಾತ್ರಿ ಲಂಗರು ಹಾಕಿ, ಬೋಟಿನಲ್ಲಿ ಒಬ್ಬರನ್ನೂ ಕಾವಲಿಗೆ ಕೂರಿಸದೆ ಎಲ್ಲರೂ ಮಲಗುವುದುಂಟು. ಟ್ರಾಲ್ ಬೋಟು ಬಲೆ ಎಳೆಯುವಾಗ ಮೇಲೆ ಹಸಿರು, ಕೆಳಗೆ ಬಿಳಿ ದೀಪ ಹಾಕಬೇಕು. ಬೇರೆ ಬಲೆಯವರು ಮೇಲೆ ಕೆಂಪು, ಕೆಳಗೆ ಬಿಳಿ. ಇದನ್ನು ಬಿಟ್ಟು ಬೋಟಿನ ತುಂಬ ಕಣ್ಣು ಕುಕ್ಕುವ ಎಲ್‌ಇಡಿ ಹಾಕಿಕೊಂಡರೆ ದೂರದ ಹಡಗಿನವನಿಗೆ ಅದು ಬೋಟೋ, ಯಾವ ದಿಕ್ಕಿಗೆ ಹೋಗುತ್ತಿದೆಯೋ ತಿಳಿಯದು. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಆದರೂ ನಡೆಯುತ್ತಿದೆ. ಮೀನು ಸಿಗುವ ಜಾಗ ಬೇರೆಯವರಿಗೆ ಗೊತ್ತಾಗಬಾರದೆಂದು ಎಐಎಸ್ ಆಫ್ ಮಾಡುವ ಬುದ್ಧಿವಂತರೂ ಇದ್ದಾರೆ. ಎಐಎಸ್ ಎಂದರೆ ತನ್ನ ಹೆಸರು, ಜಾಗ, ವೇಗ, ದಿಕ್ಕನ್ನು ಸುತ್ತಲಿನ ಹಡಗುಗಳಿಗೆ ತಾನಾಗಿಯೇ ಹೇಳುತ್ತಿರುವ ಯಂತ್ರ. ತಾಂಡೇಲರೇ, ಬಂಗುಡೆಯ ಗುಟ್ಟು ಕಾಪಾಡಲು ಹೋಗಿ ಏಳೆಂಟು ಜನರ ಪ್ರಾಣವನ್ನು ಕತ್ತಲೆಗೆ ಇಡಬೇಡಿ.

ಈಗ ಸರ್ಕಾರದ ಕಡೆಗೆ ಬರೋಣ. 2020ರ ಆಗಸ್ಟ್ 1ರಿಂದ ನೈಋತ್ಯ ಕರಾವಳಿಯಲ್ಲಿ ಸರಕು ಹಡಗುಗಳಿಗೆ ಪ್ರತ್ಯೇಕ ದಾರಿ ಎಂದು ಕೇಂದ್ರ ಹಡಗು ಸಚಿವಾಲಯ ಪ್ರಕಟಿಸಿತು. ಮೀನುಗಾರರ ಬೋಟು ಮತ್ತು ಹಡಗು ಒಂದೇ ಜಾಗದಲ್ಲಿ ಸೇರದಿರಲಿ ಎಂಬುದೇ ಉದ್ದೇಶ. ಒಳ್ಳೆಯ ಕೆಲಸ, ಬೇಡವೆನ್ನಲು ಆಗದು. ಅದಾಗಿ ಒಂಬತ್ತೇ ತಿಂಗಳಲ್ಲಿ ರಬಾಹ್ ಮುಳುಗಿತು. ನಕ್ಷೆಯ ಮೇಲೆ ಗೆರೆ ಎಳೆದರೆ ಸಾಲದು, ಗೆರೆ ದಾಟಿದವರನ್ನು ಆ ಕ್ಷಣವೇ ವಯರ್‌ಲೆಸ್‌ನಲ್ಲಿ ಕರೆದು ಕೇಳುವವರು ಬೇಕು. ಹೈವೇಯಲ್ಲಿ ಬಿಳಿ ಗೆರೆ ಎಳೆದು ಟ್ರಾಫಿಕ್ ಪೊಲೀಸರನ್ನೇ ನೇಮಿಸದಿದ್ದರೆ ಹೇಗೋ ಹಾಗೆ ಇದು.

2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ಇನ್ನೊಂದು ಯೋಜನೆಗೆ ಚಾಲನೆ ಕೊಟ್ಟರು: ದೇಶದ ಕರಾವಳಿಯ 1 ಲಕ್ಷ ಬೋಟುಗಳಿಗೆ ಇಸ್ರೊ ತಯಾರಿಸಿದ ಟ್ರಾನ್ಸ್‌ಪಾಂಡರ್, 364 ಕೋಟಿ ರೂಪಾಯಿ ವೆಚ್ಚ. ಅದು ಉಪಗ್ರಹದ ಮೂಲಕ ಬೋಟಿಗೂ ದಡಕ್ಕೂ ಸುದ್ದಿ ಸಾಗಿಸುತ್ತದೆ. ಗಾಳಿ ಮಳೆಯ ಎಚ್ಚರಿಕೆ ಬರುತ್ತದೆ, ತೊಂದರೆಯಾದರೆ ಗುಂಡಿ ಒತ್ತಬಹುದು. ಬೇಕೇ ಬೇಕಾದ ಸಾಧನ. ಆದರೆ ಮೈಮೇಲೆ ಬರುತ್ತಿರುವ ಹಡಗಿನ ಪರದೆಯ ಮೇಲೆ ಕಾಣಬೇಕಾದರೆ ಎಐಎಸ್ ಬೇಕು. ದಡದವರಿಗೆ ಕಂಡರೆ ಹುಡುಕಲು ಅನುಕೂಲ, ಹಡಗಿನವರಿಗೆ ಕಂಡರೆ ಹುಡುಕುವ ಪ್ರಸಂಗವೇ ಬಾರದು. ಎರಡನ್ನೂ ಒಂದೇ ಎಂಬಂತೆ ಭಾಷಣದಲ್ಲಿ ಹೇಳುವುದನ್ನು ದಯವಿಟ್ಟು ನಿಲ್ಲಿಸಲಿ.

ಹುಡುಕುವುದು ಎಂದ ಕೂಡಲೇ ಮಲ್ಪೆ ನೆನಪಾಗದೆ ಇರದು. 2018ರ ಡಿಸೆಂಬರ್ 13ರ ರಾತ್ರಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎರಡು ದಿನದೊಳಗೆ ಮಹಾರಾಷ್ಟ್ರದ ಕಡಲಿನಲ್ಲಿ ಸಂಪರ್ಕ ಕಡಿದುಕೊಂಡಿತು. ಏಳು ಮಂದಿ, ಉಡುಪಿ ಮತ್ತು ಉತ್ತರ ಕನ್ನಡದವರು. ಯಾವುದೋ ದೊಡ್ಡ ಹಡಗು ಗುದ್ದಿದೆ ಎಂದು ಮೊದಲ ದಿನದಿಂದ ಹೇಳಿದವರು ಮೀನುಗಾರರೇ. ನೌಕಾಪಡೆಯ ಹಡಗಿನ ಮೇಲೂ ಬಹಿರಂಗವಾಗಿಯೇ ಅನುಮಾನ ಪಟ್ಟರು. 2019ರ ಜನವರಿ 6ರಂದು ಸಾವಿರಾರು ಜನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಳಿತರು. ಬೋಟಿನ ಅವಶೇಷ ಮಾಲ್ವಣ್ ಎದುರು ಸುಮಾರು 60 ಮೀಟರ್ ಆಳದಲ್ಲಿ ಸಿಕ್ಕಿದ್ದು ಮೇ 1ರಂದು, ನಾಲ್ಕೂವರೆ ತಿಂಗಳಾದ ಮೇಲೆ. ಬೋಟು ಸಿಕ್ಕಿತು, ಏಳು ಮಂದಿ ಸಿಗಲಿಲ್ಲ.

ಆ ನಾಲ್ಕೂವರೆ ತಿಂಗಳು ನಮ್ಮ ವಾದದ ಜೀವ. ದೊಡ್ಡ ಸರಕು ಹಡಗುಗಳಲ್ಲಿ ವಿಮಾನದ ಬ್ಲ್ಯಾಕ್ ಬಾಕ್ಸ್ ಹಾಗೆ ಒಂದು ರೆಕಾರ್ಡರ್ ಇರುತ್ತದೆ. ಆ ರಾತ್ರಿ ರಾಡಾರಿನಲ್ಲಿ ಏನು ಕಂಡಿತು, ಮೇಲಿನ ಕೋಣೆಯಲ್ಲಿ ಏನು ಮಾತಾಡಿದರು, ಹಡಗು ಎಲ್ಲಿ ತಿರುಗಿತು, ಎಲ್ಲ ಅದರಲ್ಲಿ ಉಳಿಯುತ್ತದೆ. ಆದರೆ ಶಾಶ್ವತವಾಗಿ ಅಲ್ಲ. ಹಳೆಯ ಯಂತ್ರಗಳಲ್ಲಿ 12 ಗಂಟೆ ಕಳೆದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಹೊಸವುಗಳಲ್ಲಿ ಹೆಚ್ಚೆಂದರೆ 30 ದಿನ. ಎಂದರೆ, ಬೋಟು ಕಾಣೆಯಾದ ಮೊದಲ ದಿನವೇ ಆ ಜಾಗದ ಹತ್ತಿರ ಹಾದುಹೋದ ಹಡಗುಗಳ ಪಟ್ಟಿ ಮಾಡಿ, ಮುಂದಿನ ಬಂದರಿನಲ್ಲಿ ಅವನ್ನು ತಡೆದು, ರೆಕಾರ್ಡರ್ ತೆಗೆದು, ಹಡಗಿನ ಮೂತಿಯಲ್ಲಿ ಬಣ್ಣ ಕಿತ್ತಿದೆಯೇ ನೋಡಬೇಕು. ಪಟ್ಟಿ ಮಾಡುವುದು ಕಷ್ಟವೇನಲ್ಲ. ದೀಪಸ್ತಂಭಗಳ ಇಲಾಖೆ ಕರಾವಳಿಯುದ್ದಕ್ಕೂ ಎಐಎಸ್ ಕೇಂದ್ರಗಳನ್ನು ಇಟ್ಟಿದೆ. ಯುದ್ಧನೌಕೆಗಳಿಗೆ ಎಐಎಸ್ ಕಡ್ಡಾಯವಲ್ಲ, ಅವುಗಳ ಲೆಕ್ಕ ನೌಕಾಪಡೆಯೇ ಕೊಡಬೇಕು. ದೇಶದ ರಕ್ಷಣೆಯ ಗುಟ್ಟು ನಾವು ಕೇಳುತ್ತಿಲ್ಲ. ಆ ರಾತ್ರಿ ಆ ಜಾಗದಲ್ಲಿ ಇದ್ದೆವೋ ಇಲ್ಲವೋ ಎಂಬುದನ್ನು ಒಬ್ಬ ನ್ಯಾಯಾಧೀಶರ ಮುಂದೆ ಹೇಳಿದರೆ ಸಾಕು.

ಶವ ಸಿಗದಿದ್ದರೆ ಮನೆಯವರ ಪಾಡೇನು ಗೊತ್ತೇ? ಕಾಣೆಯಾದವರನ್ನು ಸತ್ತವರೆಂದು ಭಾವಿಸಲು ಕಾನೂನು ಸಾಮಾನ್ಯವಾಗಿ ಏಳು ವರ್ಷ ಕಾಯಿಸುತ್ತದೆ. ಮರಣ ಪತ್ರ ಇಲ್ಲದೆ ವಿಮೆ ಇಲ್ಲ, ಬ್ಯಾಂಕಿನ ಹಣ ಇಲ್ಲ, ಜಾಗದ ಖಾತೆ ಬದಲಾಗದು. ಮೀನುಗಾರರ ಗುಂಪು ವಿಮೆಯಲ್ಲಿ 5 ಲಕ್ಷ ಬರುತ್ತದೆ ನಿಜ, ಆದರೆ ಅದರ ಕಂತು ಕಟ್ಟುವುದು ನಮ್ಮದೇ ತೆರಿಗೆಯ ದುಡ್ಡು. ಗುದ್ದಿದ ಹಡಗಿನ ಕಿಸೆಯಿಂದ ಅದರಲ್ಲಿ ಒಂದು ಪೈಸೆ ಇಲ್ಲ.

ಘಟ್ಟದ ಮೇಲಿನ ನಮ್ಮ ಓದುಗರು ಇಷ್ಟು ಹೊತ್ತಿಗೆ "ನಮಗೇನು ಇದು" ಅನ್ನುತ್ತಿರಬಹುದು. ನೀವು ತೋಟಕ್ಕೆ ಹಾಕುವ ಪೊಟ್ಯಾಷ್ ಹಡಗಿನಲ್ಲೇ ಬರುವುದು. ಒಗ್ಗರಣೆಗೆ ಹಾಕುವ ತಾಳೆ ಎಣ್ಣೆ, ಟ್ರ್ಯಾಕ್ಟರಿನ ಡೀಸೆಲ್ ಆಗುವ ಕಚ್ಚಾ ತೈಲ, ಎಲ್ಲ ಇದೇ ಕಡಲು ದಾರಿಯಲ್ಲಿ. ಹಡಗು ಬರಬಾರದು ಎಂದು ಹೇಳುವ ಹುಚ್ಚು ನಮಗಿಲ್ಲ. ಬರಲಿ. ಬಂದು ಮಾಡಿದ ನಷ್ಟ ಕಟ್ಟಿ ಹೋಗಲಿ.

ನಷ್ಟ ಎಂದರೆ ಡಿಕ್ಕಿ ಮಾತ್ರವಲ್ಲ. ಮುಳುಗಿದ ಹಡಗಿನದು ಇನ್ನೊಂದು ಕಥೆ.

ನಮ್ಮ ಕರಾವಳಿಯ ಲೆಕ್ಕವನ್ನೇ ನೋಡಿ. 2006ರ ಮೇ ಕೊನೆಗೆ ಕಾರವಾರದ ಆಯ್ಸ್ಟರ್ ರಾಕ್ ಬಂಡೆಗೆ 'ಓಶನ್ ಸೆರಾಯಾ' ಸಿಕ್ಕಿಕೊಂಡು ಎಣ್ಣೆ ದಂಡೆಗೆ ಬಂತು. 2007ರ ಜೂನ್‌ನಲ್ಲಿ ನವಮಂಗಳೂರು ಬಂದರಿನ ಹತ್ತಿರ 'ಡೆನ್ ಡೆನ್' ಮುಳುಗಿತು. 2009ರ ಜುಲೈನಲ್ಲಿ ಕಬ್ಬಿಣದ ಅದಿರು ತುಂಬಿದ್ದ 'ಏಷ್ಯನ್ ಫಾರೆಸ್ಟ್'. 2022ರ ಜೂನ್‌ನಲ್ಲಿ ಉಳ್ಳಾಲ ಸಮೀಪದ ಉಚ್ಚಿಲದ ಎದುರು 'ಪ್ರಿನ್ಸೆಸ್ ಮಿರಾಲ್', ಒಳಗೆ 8 ಸಾವಿರ ಟನ್ ಉಕ್ಕಿನ ಸುರುಳಿ. ಸಿರಿಯಾದ 15 ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಉಳಿಸಿತು, ಅದಕ್ಕೆ ಕೈ ಮುಗಿಯಬೇಕು. ಎಲ್ಲವೂ ಮಳೆಗಾಲದ ಬಾಗಿಲಲ್ಲೋ ಮಳೆಗಾಲದಲ್ಲೋ ಆದವು. ನಮ್ಮ ಬೋಟುಗಳಿಗೆ ಜೂನ್, ಜುಲೈ ಎರಡು ತಿಂಗಳು ರಜೆ, ಕಡಲಿಗೆ ಇಳಿಯುವಂತಿಲ್ಲ. ಹಡಗುಗಳಿಗೆ ಮಳೆಗಾಲವಿಲ್ಲ.

ಮುಳುಗಿದ ಹಡಗು ಕಡಲ ತಳದಲ್ಲಿ ಸುಮ್ಮನೆ ಕೂರುವುದಿಲ್ಲ. ಟ್ರಾಲ್ ಬಲೆ ತಳ ಗುಡಿಸುತ್ತಾ ಹೋಗುವಂಥದ್ದು. ಅದು ಅವಶೇಷಕ್ಕೆ ಸಿಕ್ಕಿದರೆ ಒಂದೋ ಬಲೆ ಹರಿದು ಹೋಗುತ್ತದೆ, ಇಲ್ಲವೇ ಎಂಜಿನ್ ಎಳೆತಕ್ಕೆ ಬೋಟೇ ಹಿಂದಕ್ಕೆ ಬಾಗಿ ನೀರು ಒಳಗೆ ಬರುತ್ತದೆ. ಕತ್ತರಿಸಿ ಬಿಟ್ಟ ಬಲೆ ಅಲ್ಲೇ ತೂಗಾಡುತ್ತಾ ವರ್ಷಗಟ್ಟಲೆ ಮೀನು ಕೊಲ್ಲುತ್ತದೆ, ಅದನ್ನು ಯಾರೂ ತಿನ್ನುವುದಿಲ್ಲ. ಬಿದ್ದ ಕಂಟೇನರ್ ಇನ್ನೂ ಕೆಟ್ಟದ್ದು. ಅರ್ಧ ಮುಳುಗಿ, ನೀರಿನ ಮಟ್ಟಕ್ಕೇ ತೇಲುವ ಆ ಉಕ್ಕಿನ ಪೆಟ್ಟಿಗೆ ರಾತ್ರಿ ನಾಡದೋಣಿಗೆ ಕಾಣುವುದೇ ಇಲ್ಲ.

2025ರ ಮೇ 25ರಂದು ಕೊಚ್ಚಿಯ ಎದುರು ಲೈಬೀರಿಯಾ ಬಾವುಟದ 'ಎಂಎಸ್‌ಸಿ ಎಲ್ಸಾ 3' ಮುಳುಗಿತು. 28 ವರ್ಷದ ಹಳೆಯ ಹಡಗು. 640 ಕಂಟೇನರ್, ಅದರಲ್ಲಿ 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ನೀರು ತಾಗಿದರೆ ಹೊತ್ತಿಕೊಳ್ಳುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್. ಟ್ಯಾಂಕಿನಲ್ಲಿ 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್. ಇದು ಯಾರಿಗೂ ಗುದ್ದಲೂ ಇಲ್ಲ, ತಾನೇ ವಾಲಿ ಮುಳುಗಿತು. ತಿರುವನಂತಪುರದ ಮರಳಿನ ತುಂಬ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳು. ಮುಳುಗಿದ ಜಾಗದ ಸುತ್ತ 20 ನಾಟಿಕಲ್ ಮೈಲು ಮೀನು ಹಿಡಿಯಬೇಡಿ ಎಂದರು. ಮೀನುಗಾರರ ಕುಟುಂಬಕ್ಕೆ ಮೊದಲಿಗೆ ಸಿಕ್ಕಿದ್ದು 1,000 ರೂಪಾಯಿ, 6 ಕೆ.ಜಿ. ಅಕ್ಕಿ.

ಆದರೆ ಕೇರಳ ಅಲ್ಲಿಗೆ ನಿಲ್ಲಲಿಲ್ಲ, ಅದನ್ನು ನಾವು ಮೆಚ್ಚುತ್ತೇವೆ. ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿ ಕೇಳಿತು. ಮುಳುಗಿದ ಹಡಗನ್ನು ಹಿಡಿಯಲು ಆಗದು ತಾನೇ? ವಿಳಿಂಞಂ ಬಂದರಿಗೆ ಬಂದಿದ್ದ ಅದೇ ಗುಂಪಿನ ಇನ್ನೊಂದು ಹಡಗನ್ನು ಕೋರ್ಟ್ ಆದೇಶದಿಂದ ತಡೆದು ನಿಲ್ಲಿಸಿತು. ಆಮೇಲೆ ಸುಮಾರು 1,227 ಕೋಟಿಗೆ ಭದ್ರತೆ ಕೊಡಿ ಎಂದು ಕೋರ್ಟ್ ಹೇಳಿತು. ಸಾಲ ತೀರಿಸದವರ ಎತ್ತು ಬಿಚ್ಚಿಕೊಂಡು ಹೋದ ಹಾಗೆ! ಹಡಗು ಕಂಪನಿಗೆ ಅರ್ಥವಾಗುವ ಭಾಷೆ ಇದೊಂದೇ. ನಮ್ಮ ರಾಜ್ಯವೂ ಈ ಭಾಷೆ ಕಲಿಯಬೇಕು, ಮುಂದಿನ ಹಡಗು ಮುಳುಗುವ ಮೊದಲೇ.

ಅವಶೇಷ ಎತ್ತುವುದು ಆಗದ ಕೆಲಸ ಎನ್ನುವವರಿಗೆ ಯುರೋಪಿನ ಒಂದು ಪ್ರಸಂಗ ಹೇಳಬೇಕು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲು ಜಗತ್ತಿನಲ್ಲೇ ಅತಿ ಹೆಚ್ಚು ಹಡಗು ಓಡಾಡುವ ದಾರಿಗಳಲ್ಲೊಂದು. 2002ರ ಡಿಸೆಂಬರ್ 14ರಂದು ಮಂಜಿನಲ್ಲಿ 'ಕರೀಬಾ' ಎಂಬ ಹಡಗು ಗುದ್ದಿ 'ಟ್ರೈಕಲರ್' ಎಂಬ ಹಡಗು ಮುಳುಗಿತು. ಒಳಗೆ 2,871 ಹೊಸ ಕಾರು. ಆಳ ಬರೀ 30 ಮೀಟರ್ ಆದ್ದರಿಂದ ಮಗ್ಗುಲಾಗಿ ಬಿದ್ದ ಹಡಗು ನೀರಿನ ಮಟ್ಟದ ಹತ್ತಿರವೇ ಇತ್ತು. ಎರಡೇ ದಿನದಲ್ಲಿ 'ನಿಕೋಲಾ' ಎಂಬ ಇನ್ನೊಂದು ಹಡಗು ಅದರ ಮೇಲೆ ಹತ್ತಿತು. ಸುತ್ತ ಕಾವಲು ಹಡಗು, ತೇಲುವ ದೀಪ, ರೇಡಿಯೊ ಎಚ್ಚರಿಕೆ ಎಲ್ಲ ಇದ್ದೂ 2003ರ ಜನವರಿ 1ರಂದು 70 ಸಾವಿರ ಟನ್ ಎಣ್ಣೆ ಹೊತ್ತ 'ವಿಕಿ' ಬಂದು ಗುದ್ದಿತು. ಆಮೇಲೆ ಏನು ಮಾಡಿದರು? ದಪ್ಪ ತಂತಿಯಿಂದ ಆ ಹಡಗನ್ನು ಮರ ಕೊಯ್ದ ಹಾಗೆ ತುಂಡು ತುಂಡಾಗಿ ಕೊಯ್ದು, 2004ರ ಹೊತ್ತಿಗೆ ಎತ್ತಿ ಸಾಗಿಸಿದರು.

ಅಲ್ಲಿ ಅಪಾಯ ಇದ್ದದ್ದು ಎಣ್ಣೆ ಹಡಗಿಗೆ. ಇಲ್ಲಿ ಅಪಾಯ ಇರುವುದು ಬಲೆಗೆ, ಬೋಟಿಗೆ. ಅಷ್ಟೇ ವ್ಯತ್ಯಾಸ.

ಕಾನೂನು ಮಾತ್ರ ಈ ವ್ಯತ್ಯಾಸ ಮಾಡುವುದಿಲ್ಲ. ಹಡಗಿನ ಅವಶೇಷ ತೆಗೆಯುವ ಬಗ್ಗೆ 2007ರಲ್ಲಿ ನೈರೋಬಿಯಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ 2015ರಿಂದ ಜಾರಿಯಲ್ಲಿದೆ, ಭಾರತ ಅದಕ್ಕೆ 2011ರಲ್ಲೇ ಸೇರಿದೆ. ಅಪಾಯವೆಂದು ನಿರ್ಧಾರವಾದ ಅವಶೇಷವನ್ನು ಹಡಗಿನ ಮಾಲೀಕನೇ ತೆಗೆಯಬೇಕು. 300 ಟನ್‌ಗಿಂತ ದೊಡ್ಡ ಹಡಗು ಅದಕ್ಕಾಗಿ ವಿಮೆ ಮಾಡಿಸಿರಲೇಬೇಕು. ಅಪಾಯ ಯಾರಿಗೆ ಎಂದು ಲೆಕ್ಕ ಹಾಕುವಾಗ ಹಡಗು ಸಂಚಾರ ಮಾತ್ರವಲ್ಲ, ಹೊಟ್ಟೆಪಾಡಿನ ಮೀನುಗಾರಿಕೆಯನ್ನೂ ನೋಡಬೇಕು ಎಂದು ಆ ಒಪ್ಪಂದದಲ್ಲೇ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು 1958ರ ಹಳೆಯ ಹಡಗು ಕಾಯ್ದೆಯ ಜಾಗಕ್ಕೆ ಹೊಸದನ್ನೂ ಒಪ್ಪಿತು. ಕಾಗದಕ್ಕೆ ಕೊರತೆಯಿಲ್ಲ. "ಈ ಅವಶೇಷ ಬೋಟಿನವರಿಗೆ ಅಪಾಯ" ಎಂದು ಸಹಿ ಹಾಕುವ ಕೈ ಬೇಕು.

ಆ ಕೈ ಅಲುಗಾಡಬೇಕಾದರೆ ಲೆಕ್ಕ ಬೇಕು. ಎಲ್ಲಿ ಹಡಗು ಮುಳುಗಿದೆ ಎಂಬ ಎಚ್ಚರಿಕೆಯನ್ನು ಹೊರಡಿಸುವುದು ಡೆಹ್ರಾಡೂನ್‌ನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ. ಕಡಲಿನ ನಕ್ಷೆ ಹಿಮಾಲಯದ ಬುಡದಲ್ಲಿ ತಯಾರಾಗುತ್ತದೆ, ಇರಲಿ ಬಿಡಿ. ಆ ಎಚ್ಚರಿಕೆ ಇಂಗ್ಲಿಷ್‌ನಲ್ಲಿ, ಹಡಗಿನವರಿಗೆ ಅರ್ಥವಾಗುವ ಸಂಕ್ಷೇಪದಲ್ಲಿ ಬರುತ್ತದೆ. ನಾವು ಹೋದ ದಕ್ಕೆಗಳಲ್ಲಿ ಅದನ್ನು ಕನ್ನಡದಲ್ಲಿ ಬರೆದು ಹಾಕಿದ ಬೋರ್ಡು ನಮ್ಮ ಕಣ್ಣಿಗೆ ಬಿದ್ದಿಲ್ಲ. ಬದಲಿಗೆ ಕಂಡದ್ದು ತಾಂಡೇಲರ ಜಿಪಿಎಸ್‌ನಲ್ಲಿ ಅವರೇ ಗುರುತು ಮಾಡಿಟ್ಟ ಚುಕ್ಕೆಗಳು. "ಇಲ್ಲಿ ಬಲೆ ಹೋಯಿತು", "ಇಲ್ಲಿ ಕಬ್ಬಿಣ". ಒಬ್ಬೊಬ್ಬರ ಹತ್ತಿರ ಐದು, ಹತ್ತು, ಇಪ್ಪತ್ತು. ಆ ಚುಕ್ಕೆಗಳು ಒಂದು ಬೋಟಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಇಲಾಖೆಗಂತೂ ಹೋಗುವುದೇ ಇಲ್ಲ.

ಆದ್ದರಿಂದ ಕರಾವಳಿಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಬೋಟಿಗೆ ಹೋಗುವವರಿದ್ದರೆ ಕೇಳಿ. ಬಲೆ ಸಿಕ್ಕಿದ ಜಾಗದ ಜಿಪಿಎಸ್ ಅಂಕಿ, ಯಾವ ತಿಂಗಳು, ಎಷ್ಟು ಮಾರು ಆಳ, ಎಷ್ಟು ನಷ್ಟ, ಬಲೆಯ ಜೊತೆ ಮೇಲೆ ಬಂದ ಕಬ್ಬಿಣದ ಚೂರಿನ ಫೋಟೊ ಇದ್ದರೆ ಅದೂ. ರಾತ್ರಿ ಹಡಗು ತೀರ ಹತ್ತಿರ ಹಾದುಹೋಗಿದ್ದರೆ ದಿನ, ಹೊತ್ತು, ಜಾಗ. ಕೆಳಗೆ ಬರೆಯಿರಿ, ಇಲ್ಲವೇ ಧ್ವನಿ ಸಂದೇಶ ಕಳಿಸಿ, ಬರೆದುಕೊಳ್ಳುವ ಕೆಲಸ ನಮ್ಮದು. ಮೀನು ಸಿಗುವ ಜಾಗ ನಮಗೆ ಬೇಡ, ಅದು ನಿಮ್ಮಲ್ಲೇ ಇರಲಿ. ಆಗಸ್ಟ್ 1ಕ್ಕೆ ಬೋಟು ಇಳಿಯುವ ಮೊದಲು ಎಲ್ಲವನ್ನೂ ಒಂದು ಪಟ್ಟಿ ಮಾಡಿ ಮೀನುಗಾರಿಕೆ ಇಲಾಖೆಗೆ, ಬಂದರು ಇಲಾಖೆಗೆ, ಕೋಸ್ಟ್ ಗಾರ್ಡ್‌ಗೆ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಂಡು ಬರುತ್ತೇವೆ. ಸಹಿಯಾದ ಪ್ರತಿಯನ್ನು ಇಲ್ಲೇ ಹಾಕುತ್ತೇವೆ.